ಪೋರ್ಟ್ ಮುಚ್ಚಿದೆ, ಗಂಗೆ ನಿಂತೇ ಇದ್ದಳು

“ಲೇ, ಇಂದ್ಗಡೆ ಬತ್ತಾವ್ನೆ ಕಣ್ಲಾ, ಒಡ್ದಾಕು ಅವನ್ನ.”

ಗಾಬರಿಯಾಗಬೇಡಿ. ನಮ್ಮ ಯಜಮಾನರು ಮೊಬೈಲ್‌ನಲ್ಲಿ ಗೇಮ್ ಆಡುವ ವೈಖರಿ ಇದು. ವಯಸ್ಸು ನಲವತ್ತು ದಾಟಿದೆ. ಜೊತೆಗೆ ಕೆ.ಆರ್. ನಗರದ ಗೊಬ್ಬರದಂಗಡಿಯ ಗೆಳೆಯ, ಪಿರಿಯಾಪಟ್ಟಣದ ಷಡ್ಡಕ (ಅಂದರೆ ನನ್ನ ಸ್ವಂತ ಅಕ್ಕನ ಗಂಡ. ಇನ್ನು ಯಾರಿಗೆ ದೂರು ಕೊಡಲಿ?). ಮೂವರೂ ಸೇರಿ ಸಂಜೆಯಿಡೀ ಜಗತ್ತನ್ನು ಉಳಿಸುತ್ತಾರೆ. ನಮ್ಮ ಹಸು ಗಂಗೆಗೆ ಹುಲ್ಲು ಹಾಕುವವಳು ಮಾತ್ರ ನಾನು.

ಹೋದ ವಾರ ತಲೆ ಕೆಟ್ಟಿತು. ವಿಡಿಯೋ ನೋಡಿ ಒಂದು ವಿದ್ಯೆ ಕಲಿತೆ. ಮನೆಯ ವೈಫೈ ರೌಟರ್‌ಗೆ ಸಾವಿರಾರು ಬಾಗಿಲುಗಳಂತೆ. ಹೆಸರು ಪೋರ್ಟ್. ಒಂದೊಂದಕ್ಕೂ ಒಂದೊಂದು ನಂಬರು. ಗೇಮಿನ ನಂಬರು ಹಾಕಿ ಬ್ಲಾಕ್ ಒತ್ತಿದರೆ ಗೇಮ್ ಬಂದ್, ಉಳಿದದ್ದೆಲ್ಲ ಚಾಲೂ. ಮೊಬೈಲ್ ಡೇಟಾ ಇದೆಯಲ್ಲ ಅಂತೀರಾ? ನಮ್ಮ ಮನೆಯ ದಪ್ಪ ಮಣ್ಣಿನ ಗೋಡೆ ದಾಟಿ ಸಿಗ್ನಲ್ ಒಳಗೆ ಬರುವುದಿಲ್ಲ.

ಸರಿಯಾದ ನಂಬರು ನನಗೆ ಗೊತ್ತಿರಲಿಲ್ಲ. ಅದಕ್ಕೇನಂತೆ? ಇಲ್ಲಿಂದ ಅಲ್ಲಿಯವರೆಗೆ ಅಂತ ಧಾರಾಳವಾಗಿ ಒಂದು ಸಾಲನ್ನೇ ಮುಚ್ಚಿಬಿಟ್ಟೆ. ಗೇಮ್ ನಿಂತಿತು. ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ (ನಿಜವಾಗಿಯೂ).

ಗೇಮಿಲ್ಲದ ಯಜಮಾನರು ಬಂದು ಅತ್ತೆಯ ಪಕ್ಕ ಕುಳಿತರು. ಅತ್ತೆ ಟಿವಿಯಲ್ಲಿ ಗಂಗೆಯನ್ನು ನೋಡುತ್ತಿದ್ದರು. ಗಂಗೆಗೆ ದಿನ ತುಂಬಿತ್ತು. ಹೋದ ಸಲ ಯಾರೂ ಇಲ್ಲದಾಗ ಕರು ಹಾಕಿದ್ದಳು, ಅದು ಉಳಿಯಲಿಲ್ಲ. ಆಗ ಅತ್ತೆ ಎಷ್ಟೋ ದಿನ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಅದಕ್ಕೇ ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದ್ದು. ಕೊಟ್ಟಿಗೆ ಇರುವುದು ನಮ್ಮ ಹಿತ್ತಲಲ್ಲೇ. ಚಿತ್ರ ಮಾತ್ರ ಯಾವುದೋ ದೇಶದ ಸರ್ವರ್ ಸುತ್ತಿಕೊಂಡು ನಡುಮನೆಗೆ ಬರುತ್ತದೆ.

“ಎಷ್ಟ್ ತಣ್ಣಗೆ ನಿಂತವ್ಳೆ ನೋಡವ್ವ,” ಎಂದರು ಅತ್ತೆ, ನನಗೆ.

“ಇವತ್ತ್ ಈಯಾಕಿಲ್ಲ, ಬುಡವ್ವ,” ಎಂದರು ಯಜಮಾನರು.

ಟೀ ಕುಡಿದೆವು. ಗಂಗೆ ನಿಂತೇ ಇದ್ದಳು. ನೊಣ ಓಡಿಸಲು ಎತ್ತಿದ ಬಾಲ ಅರ್ಧ ಗಂಟೆಯಾದರೂ ಇಳಿದಿರಲಿಲ್ಲ. ಮೂವರಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಕಲ್ಲ?

ಆಗ ಹಿತ್ತಲಿನಿಂದ “ಅಂಬಾ” ಎಂಬ ಕೂಗು. ಟಿವಿಯ ಗಂಗೆ ಬಾಯಿಯನ್ನೇ ತೆರೆದಿರಲಿಲ್ಲ.

“ಸೌಂಡ್ ಮೊದ್ಲು ಬಂದದೆ ಕಣೆ, ಪಿಕ್ಚರ್ ಲೇಟು,” ಎಂದರು ಯಜಮಾನರು.

ಅತ್ತೆ ಚಪ್ಪಲಿಯನ್ನೂ ಹುಡುಕದೆ ಓಡಿದರು. ಹಿಂದೆ ನಾವು. ಕರು ಆಗಲೇ ನೆಲದ ಮೇಲಿತ್ತು, ಮುಖಕ್ಕೆ ಪೊರೆ ಅಂಟಿಕೊಂಡು ಉಸಿರಿಗೆ ಒದ್ದಾಡುತ್ತಿತ್ತು. ಅತ್ತೆ ಸೆರಗಿನಿಂದಲೇ ಮೂಗು, ಬಾಯಿ ಒರೆಸಿದರು. ಕರು ಸೀನಿತು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ನಾನು ಮುಚ್ಚಿದ ಸಾಲಿನಲ್ಲೇ ಕ್ಯಾಮೆರಾದ ಬಾಗಿಲೂ ಇತ್ತು. ಒಳಗೆ ಹೋಗಿ ಎಲ್ಲ ಪೋರ್ಟ್‌ಗಳನ್ನೂ ತೆರೆದೆ. ಟಿವಿಯಲ್ಲಿ ಚಿತ್ರ ಮತ್ತೆ ಓಡಿತು: ಗಂಗೆ, ಕರು, ಪಕ್ಕದಲ್ಲಿ ಅಲುಗಾಡದೆ ಕುಳಿತ ಅತ್ತೆ.

ಯಜಮಾನರು ಸೋಫಾದಲ್ಲಿ ಆರಾಮಾಗಿ ಒರಗಿ, ಟಿವಿಯೊಳಗಿನ ತಾಯಿಯನ್ನು ಕೂಗಿದರು, “ಅವ್ವ, ಉಣ್ಣಾಕ್ ಬಾ.”

ಇವರನ್ನು ಯಾವ ಪೋರ್ಟ್‌ನಲ್ಲಿ ಬ್ಲಾಕ್ ಮಾಡಲಿ, ನೀವೇ ಹೇಳಿ?