ಶರಣಪ್ಪ ಮಿಸ್ತ್ರಿಯ ನಾಲ್ಕನೆಯ ಬೋಲ್ಟು

ತುಕ್ಕು ತಿಂದು ಜಂಗು ಹಿಡಿದ ಬೋಲ್ಟು ಕಂಡರೆ ಶರಣಪ್ಪ ಮಿಸ್ತ್ರಿ ಮೊದಲು ಮಾಡುತ್ತಿದ್ದ ಕೆಲಸ ಉಗುಳುವುದು. ಬಾಯಲ್ಲಿನ ತಂಬಾಕಿನ ರಸವನ್ನು ಪಿಚಕ್ಕನೆ ಅದರ ತಲೆಗೆ ಹಾರಿಸಿ, ಬೆರಳಿನಿಂದ ತಿಕ್ಕಿ, “ಇದರ ಮುಂದ ಯಾವ ಎಣ್ಣಿನೂ ಇಲ್ಲರಿ,” ಎನ್ನುತ್ತಿದ್ದ. ಅದೇ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ನನಗೂ ಕೊಡಲು ಬರುತ್ತಿದ್ದ. ಒಲ್ಲೆ ಎಂದರೆ ಅವನಿಗೇ ಬೇಸರ.

ಎಂಬತ್ತರ ದಶಕದಲ್ಲಿ ನಾನು ಆಳಂದದ ಸಾವಕಾರರೊಬ್ಬರ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಕಾರು ರಿಪೇರಿಗೆ ಸಾವಕಾರರಿಗೆ ಮಿಸ್ತ್ರಿ ಎಂದರೆ ಶರಣಪ್ಪನೊಬ್ಬನೇ. ಊರಿಗೂ ಅವನೆಂದರೆ ಪ್ರಾಣ. ಬಂದವರಿಗೆಲ್ಲ ಚಹಾ ತರಿಸುವ ಮಾತಿನ ಮಲ್ಲ. ಹೇಸಿಗೆ ಪಡುತ್ತಲೇ ನಾನೂ ನಕ್ಕದ್ದುಂಟು. ಆದರೆ ಬ್ರೇಕಿನ ಮೇಲಿರುತ್ತಿದ್ದುದು ನನ್ನ ಕಾಲು. ಹಿಂದೆ ಕೂತಿರುತ್ತಿದ್ದವರು ಮಂದಿಯ ಹೆಂಡಿರು ಮಕ್ಕಳು.

ಕಚ್ಚಿಕೊಂಡ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು ಕಾಯಬೇಕು, ಮೆಲ್ಲಗೆ ತಟ್ಟಬೇಕು, ಹಿಂದಕ್ಕೂ ಮುಂದಕ್ಕೂ ಆಡಿಸಿ ಬಿಡಿಸಬೇಕು. ಹಾಗೆಂದರೆ ನಗುತ್ತಿದ್ದ. “ಬೋಲ್ಟ್ ಅಂದ್ರ ಮಾವನ ಮನ್ಯಾಗ ಕುಂತ ಅಳಿಯ ಇದ್ದಂಗರಿ. ಕೈ ಮುಗದ್ರ ಏಳಂಗಿಲ್ಲ.” ಬೋಲ್ಟು ತಿರುಗಿಸುವ ಪಾನಾ ಜಾರಿ ತಲೆ ಸವೆದ ಮೇಲೆ ಕಬ್ಬಿಣ ಕಡಿಯುವ ಛೇಣಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದ. ಬೋಲ್ಟು ಕಟ್ಟೆಂದು ಮುರಿದರೆ ಯುದ್ಧ ಗೆದ್ದವನ ಹಾಗೆ ನನ್ನತ್ತ ನೋಡುತ್ತಿದ್ದ.

ಒಮ್ಮೆ ಅವನಿಂದ ಹಿಂದಿನ ಚಕ್ರದ ಬ್ರೇಕು ಮಾಡಿಸಿಕೊಂಡು ಹೊರಟಿದ್ದೆ. ಕಡಗಂಚಿಯ ಹತ್ತಿರ ಎತ್ತಿನ ಗಾಡಿ ಅಡ್ಡ ಬಂತು. ಪೆಡಲ್ ಒತ್ತಿದರೆ ಚಕ್ರ ಕರಕರ ಎಂದು, ಕಾರು ಪಕ್ಕಕ್ಕೆ ಎಳೆದುಕೊಂಡು ತೊಗರಿ ಹೊಲಕ್ಕೆ ಇಳಿಯಿತು. ಹಿಂದಿದ್ದ ಹೆಂಗಸರು ಚೀರಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕೆಳಗೆ ತೂರಿ ನೋಡಿದೆ. ಬ್ರೇಕಿನ ತಟ್ಟೆ ಅಲುಗಾಡುತ್ತಿತ್ತು, ಆದರೆ ಅದನ್ನು ಹಿಡಿದಿರುವ ನಾಲ್ಕೂ ಬೋಲ್ಟುಗಳು ಕಾಣುತ್ತಿದ್ದವು. ಗ್ರೀಸು ಒರೆಸಿದೆ, ಒಂದು ಬೋಲ್ಟಿನ ತಲೆ ನನ್ನ ಕೈಗೇ ಬಂತು. ಮುರಿದ ತಲೆಯನ್ನು ಗ್ರೀಸು ಮೆತ್ತಿ ಅಂಟಿಸಿಬಿಟ್ಟಿದ್ದ!

ಹೋಗಿ ಕೇಳಿದರೆ ಚಹಾ ಮುಂದೆ ಮಾಡಿದ. “ಖಾಲಿ ತೂತ ನೋಡಿದ್ರ ನಿಮ್ಮ ಜೀವಕ್ಕ ಸಮಾಧಾನ ಇರ್ತಿರಲಿಲ್ಲರಿ. ಅದಕ್ಕ ಹಚ್ಚಿದ್ದೆ.” ಥೂ, ಎಂಥ ಮನುಷ್ಯ! ಸಾವಕಾರರಿಗೆ ದೂರಿದೆ. “ಉಳಿದ ಮೂರು ಅದಾವಲ್ಲೋ,” ಎಂದು ಅವರೂ ನಕ್ಕರು. ಅಂದಿನಿಂದ ಅವನು ಕೆಲಸ ಮಾಡುವಾಗ ನಾನು ಪಕ್ಕದಿಂದ ಕದಲುತ್ತಿರಲಿಲ್ಲ.

ಆದರೆ ಒಂದು ಸಲ ನಾನು ಮದುವೆಗೆಂದು ಅಫಜಲಪುರಕ್ಕೆ ಹೋಗಿದ್ದಾಗ ಸಾವಕಾರರು ಅವನಿಂದ ಮತ್ತೆ ಬ್ರೇಕು ಮಾಡಿಸಿದ್ದರು. ಮರುದಿನ ನಾನು ಮರಳಿ ಬಂದು ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿದ್ದೆ. ಶರಣಪ್ಪನ ಮಗಳು ಬಾಣಂತನ ಮುಗಿಸಿ ಜೇವರ್ಗಿಯ ಗಂಡನ ಮನೆಗೆ ಹೊರಟಿದ್ದಳು. ನನ್ನನ್ನು ಕಂಡವಳೇ ಸಲುಗೆಯಿಂದ ಕೂಸಿನೊಂದಿಗೆ ಹತ್ತಿ ಕೂತಳು. ಹಿಂದೆಯೇ ಗಂಟು ಹೊತ್ತು ಬಂದ ಶರಣಪ್ಪ ಕಾರು ನೋಡಿ ಓಡಿ ಬಂದ.

“ಇಳಿಯವ್ವ, ಇಳಿ! ಲಗೂನ ಇಳಿ!”

“ಯಾಕ ಯಪ್ಪಾ? ನಿನ್ನೆ ನೀನ ರಿಪೇರಿ ಮಾಡಿದ ಗಾಡಿ ಅಲ್ಲೇನು?”

ಅವನು ಕೂಸನ್ನು ಎತ್ತಿಕೊಂಡು, ನನ್ನ ಮುಖ ನೋಡದೆ ಬಸ್ಸಿನತ್ತ ನಡೆದ. ನಾನು ಅವನನ್ನು ಕಂಡದ್ದು ಅದೇ ಕೊನೆಯ ಸಲ.

ಅಲ್ಲಿಂದ ನೆಟ್ಟಗೆ ಹೋಗಿ ಸಾವಕಾರರ ಮುಂದೆ ಕೀಲಿ ಇಟ್ಟೆ.

“ಯಾಕೋ, ಏನಾತು?” ಎಂದರು.

“ಮಿಸ್ತ್ರಿ ತನ್ನ ಮಗಳನ್ನ ಇದರಾಗ ಕೂಡಸ್ಲಿಲ್ಲರಿ,” ಎಂದೆ.