ಬ್ಯಾಡಗಿಯಿಂದ ಬಂದ ಘಾಟು

ನನಗೆ ಸಂಶಯ ಜಾಸ್ತಿ. ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬದುಕುವವನಿಗೆ ಅದಿಲ್ಲದಿದ್ದರೆ ಅಂಗಡಿ ಯಾವತ್ತೋ ಮುಚ್ಚುತ್ತಿತ್ತು. ಗಿರಾಕಿ ‘ಏನೂ ಮಾಡಿಲ್ರಿ, ತಾನ ಕೆಟ್ಟೈತಿ’ ಅಂದನೆಂದರೆ ಏನೋ ಮಾಡಿದ್ದಾನೆಂದೇ ಅರ್ಥ. ಅದಕ್ಕೇ ರಿಪೇರಿಯಾದ ಪ್ರತಿ ಪೆಟ್ಟಿಗೆಯ ಒಂದು ಸ್ಕ್ರೂ ಮೇಲೆ ಹೆಂಡತಿಯ ಉಗುರುಬಣ್ಣ ಒಂದು ಹನಿ ಹಚ್ಚುತ್ತೇನೆ. ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಚಾಡಿ ಹೇಳುತ್ತದೆ.

ಹೆಂಡತಿಯ ತಮ್ಮನ ಪೆಟ್ಟಿಗೆಗೂ ಹಚ್ಚಿದ್ದೆ. ಅವನು ಬ್ಯಾಡಗಿಯವನು. ಹಗಲು ಅಪ್ಪನ ಮೆಣಸಿನಕಾಯಿ ಅಂಗಡಿ, ಸಂಜೆ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್. ಅವನ ಆಂಪ್ಲಿಫೈಯರಿನ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು. ಹೊಸವನ್ನು ಹಾಕಿ, ಸುಟ್ಟವನ್ನು ಪೊಟ್ಟಣ ಕಟ್ಟಿ ಕೈಗೆ ಕೊಟ್ಟೆ. ಬದಲಿಸಿದ್ದು ಖರೆ ಎಂದು ನಂಬಿಕೆ ಬರಲಿ ಅಂತ ಹಳೆ ಸಾಮಾನು ತಿರುಗಿ ಕೊಡುವುದು ನಮ್ಮ ಕಸುಬಿನ ರೀತಿ. ಅವನು ಅಲ್ಲೇ ಪೊಟ್ಟಣ ಬಿಚ್ಚಿ ಹಳೆಯವುಗಳ ಮೇಲಿನ ಅಕ್ಷರ ಓದಿದ. ‘ಹೊಸಾವೂ ಒರಿಜಿನಲ್ ಹೌದಲ್ರಿ ಮಾಮಾ?’ ಎಂದ. ಮಾರ್ಕೆಟ್ಟಿನ ತುಂಬ ಡುಪ್ಲಿಕೇಟ್ ಮಾಲು ಇದೆ, ಒಪ್ಪಿದೆ. ಆದರೆ ಅಕ್ಕನ ಗಂಡನನ್ನು ಹೀಗೆ ಕೇಳುವುದೇ? ಮೈಯೆಲ್ಲ ಉರಿಯಿತು. ಮುಚ್ಚಳ ಹಾಕಿ, ಬಣ್ಣ ಹಚ್ಚಿ ಕಳಿಸಿದೆ.

ವಾರ ಕಳೆಯುವುದರೊಳಗೆ ಅವನ ಫೋನು ಬಂತು. ‘ಮಾಮಾ, ಘಾಟು ಬರಾಕತ್ತೈತ್ರಿ’ ಎಂದ. ನನಗೆ ನಗು ಬಂತು. ಬ್ಯಾಡಗಿಯಲ್ಲಿ ಕೂತು ಘಾಟು ಬರುತ್ತದೆ ಅಂದರೆ ನಾನೇನು ಮಾಡಲಿ, ಮೂಗಿಗೆ ಅರಿವೆ ಕಟ್ಟಿಕೋ ಎಂದೆ. ಅವನು ನಗಲಿಲ್ಲ. ಬಾರಿಸದೆ ಸುಮ್ಮನಿಟ್ಟರೂ ಪೆಟ್ಟಿಗೆ ಕಾಯುತ್ತದಂತೆ, ದಪ್ಪ ತಂತಿ ಮೀಟಿದರೆ ಒಡಕು ದನಿ ಬರುತ್ತದಂತೆ. ಆರ್ಕೆಸ್ಟ್ರಾದ ಯಜಮಾನ ಖಡಕ್ಕಾಗಿ ಹೇಳಿಬಿಟ್ಟಿದ್ದ: ಮುಂದಿರುವ ಹಾವೇರಿಯ ಮದುವೆ ರಿಸೆಪ್ಶನ್‌ನಲ್ಲೂ ಹೀಗಾದರೆ ಬಾಸನ್ನು ಕೀಬೋರ್ಡಿನವನೇ ಎಡಗೈಯಲ್ಲಿ ಬಾರಿಸುತ್ತಾನೆ, ನೀನು ಅಂಗಡಿಯಲ್ಲಿ ಕಾಯಿ ಆರಿಸುತ್ತ ಕೂಡು.

ಪೆಟ್ಟಿಗೆ ಅಂಗಡಿಗೆ ಬಂದಾಗ ಮೊದಲು ಸ್ಕ್ರೂ ನೋಡಿದೆ. ಬಣ್ಣವೇನೋ ಇತ್ತು. ಆದರೆ ನನ್ನ ಹೆಂಡತಿಯದು ಕುಂಕುಮದ ಕೆಂಪು, ಇದು ಗುಲಾಬಿಗೆ ತಿರುಗಿದ ಕೆಂಪು. ಯಾರು ಬಿಚ್ಚಿದ್ದು ಎಂದು ಕೇಳಿದರೆ ಯಾರೂ ಇಲ್ಲ ಎಂದ, ನೆಲ ನೋಡುತ್ತ. ಒಳಗೆ, ಸ್ಪೀಕರ್ ವೈರು ಹೊರಡುವಲ್ಲಿನ ಸಣ್ಣ ರೆಸಿಸ್ಟರ್ ಸುಟ್ಟು ಕರ್ರಗಾಗಿತ್ತು. ಘಾಟು ಅದರದ್ದೇ. ಆಂಪ್ಲಿಫೈಯರ್ ನಮ್ಮ ಕಿವಿಗೆ ನಿಲುಕದ ಕೀರಲು ದನಿಯಲ್ಲಿ ತನ್ನಷ್ಟಕ್ಕೆ ತಾನೇ ಕಿರುಚತೊಡಗಿದರೆ ಆ ರೆಸಿಸ್ಟರ್ ಸುಡುತ್ತದೆ. ಇದಕ್ಕೆ ನಾವು ಆಸಿಲೇಶನ್ ಅನ್ನುತ್ತೇವೆ. ಆದರೆ ಹೊಸ ರೆಸಿಸ್ಟರ್ ಹಾಕಿ, ದನಿಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸ್ಕೋಪಿನಲ್ಲಿ ನೋಡಿದರೆ ಗೆರೆ ಕೂದಲಿನಷ್ಟು ಸಣ್ಣ, ಕಿರುಚಾಟದ ಸುಳಿವಿಲ್ಲ. ಪೆಟ್ಟಿಗೆಯ ತಳದಲ್ಲಿ ಸೆಣಬಿನ ಎಳೆ, ಮೆಣಸಿನ ಬೀಜ ಬಿದ್ದಿದ್ದವು. ಬ್ಯಾಡಗಿಯ ಪೆಟ್ಟಿಗೆಯಲ್ಲಿ ಮತ್ತೇನಿರುತ್ತದೆ ಎಂದು ಊದಿ ಹಾಕಿದೆ.

ಕೀಬೋರ್ಡಿನವನ ಮೇಲೆ ನನ್ನ ಕಣ್ಣು ಬಿತ್ತು. ಬಾಸ್ ಕೆಟ್ಟರೆ ಲಾಭ ಅವನಿಗೇ ತಾನೆ? ಹೆಂಡತಿಗೆ ಹೇಳಿದೆ. ಅವಳು ತನ್ನ ತಮ್ಮ ಸುಳ್ಳು ಹೇಳುವವನಲ್ಲ ಎಂದಳು. ರೊಟ್ಟಿ ಬಡಿಯುತ್ತಲೇ, ‘ನೀವೂ ಡುಪ್ಲಿಕೇಟ್ ಹಾಕಾವ್ರಲ್ಲ, ಹೌದಲ್ರೀ?’ ಎಂದಳು. ಆ ‘ಹೌದಲ್ರೀ’ ನನ್ನ ಹೊಟ್ಟೆಗೆ ಅನ್ನ ಸೇರದಂತೆ ಮಾಡಿತು.

ಊರಿಗೆ ಒಯ್ದ ಮೇಲೆ ಪೆಟ್ಟಿಗೆ ಮತ್ತೆ ಘಾಟು ಹೊಡೆಯಿತು. ರಿಸೆಪ್ಶನ್ ದಿನ ಯಾರಿಗೂ ಹೇಳದೆ ಸ್ಕೋಪನ್ನು ಚೀಲಕ್ಕೆ ಹಾಕಿಕೊಂಡು ಹಾವೇರಿ ಬಸ್ಸು ಹತ್ತಿದೆ. ಮಧ್ಯಾಹ್ನ, ಕಲ್ಯಾಣಮಂಟಪದಲ್ಲಿ ಇನ್ನೂ ಹೂವು ಕಟ್ಟುತ್ತಿದ್ದರು. ಕೀಬೋರ್ಡಿನವನು ಎದುರು ಬಂದು ‘ಬರ್ರಿ, ಕುಂದ್ರಿ’ ಎಂದು ಚಹಾ ತಂದುಕೊಟ್ಟ. ಇಷ್ಟು ಮರ್ಯಾದೆ ಯಾಕೆಂದು ಆ ಚಹಾವನ್ನೂ ಮುಟ್ಟಲಿಲ್ಲ. ನನ್ನನ್ನು ಕಂಡು ಹೆಂಡತಿಯ ತಮ್ಮನ ಮುಖ ಬಿಳಿಚಿತು. ಈಗ ಬೇಡ, ನಾಳೆ ಅಂಗಡಿಗೇ ತರುತ್ತೇನೆ ಎಂದು ಪೆಟ್ಟಿಗೆಗೆ ಅಡ್ಡ ನಿಂತ. ಅವನನ್ನು ಸರಿಸಿ ಮುಚ್ಚಳ ಬಿಚ್ಚಿದೆ.

ಒಳಗಿನ ವೈರುಗಳನ್ನೆಲ್ಲ ಒಟ್ಟು ಸೇರಿಸಿ ಸುತಳಿಯಿಂದ ಬಿಗಿಯಲಾಗಿತ್ತು, ಮೆಣಸಿನಕಾಯಿ ಚೀಲದ ಬಾಯಿ ಹೊಲಿದ ಹಾಗೆ, ಅಳೆದಿಟ್ಟಂಥ ಗಂಟುಗಳು. ಗಿಟಾರಿನ ದನಿ ಒಳಗೆ ತರುವ ವೈರೂ ಸ್ಪೀಕರಿಗೆ ಹೊರಗೆ ಒಯ್ಯುವ ವೈರೂ ಒಂದೇ ಕಟ್ಟಿನಲ್ಲಿ. ಹೊರಗೆ ಹೋಗುವ ದನಿ ಪಕ್ಕದ ವೈರಿಗೆ ಸೋರಿ, ಒಳಗೆ ಬಂದು, ದೊಡ್ಡದಾಗಿ ಮತ್ತೆ ಹೊರಟು, ಮತ್ತೆ ಸೋರುತ್ತಿತ್ತು. ಸ್ಕೋಪ್ ಹಚ್ಚಿದೆ. ಗೆರೆ ಹಗ್ಗದಷ್ಟು ದಪ್ಪವಾಗಿತ್ತು. ಸುತಳಿ ಕತ್ತರಿಸಿ ವೈರು ಬಿಡಿಸುತ್ತಲೇ ಕೂದಲಾಯಿತು.

ಇದು ಯಾರ ಕೈಗಂಟೆಂದು ಕೇಳುವ ಅಗತ್ಯವಿರಲಿಲ್ಲ. ಹೆಂಡತಿಯ ತಮ್ಮ ನನಗೆ ಗೊತ್ತಾಗದಿರಲೆಂದು ಅಂಗಡಿಗೆ ತರುವಾಗ ಸುತಳಿ ಬಿಚ್ಚುತ್ತಿದ್ದ, ಮನೆಗೆ ಒಯ್ದು ಮತ್ತೆ ಕಟ್ಟುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ. ಕಟ್ಟಿದ್ದು ಹಾಳಾಗಲಿ, ಮೊದಲು ಪೆಟ್ಟಿಗೆ ಬಿಚ್ಚಿದ್ದು ಯಾಕೆಂದು ಕೇಳಿದೆ.

‘ನೀವು ಹಾಕಿದ್ದು ಒರಿಜಿನಲ್ ಹೌದೋ ಅಲ್ಲೋ ನೋಡಾಕ’ ಎಂದ.

‘ನೋಡಿದ್ಯಾ?’

‘ನೋಡಿದೆ. ನನಗೇನ್ ತಿಳೀತೈತ್ರಿ ಮಾಮಾ? ವೈರ್ ಜೋತಾಡಾಕತ್ತಿದ್ವು. ಬಿಚ್ಚಿದ್ದಂತೂ ಬಿಚ್ಚೇನಿ, ಅವನ್ನರ ನೆಟ್ಟಗ ಕಟ್ಟೂಣು ಅಂತ ಕಟ್ಟಿದೆ.’

ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಆ ಕೀಬೋರ್ಡಿನವನ ಚಹಾ ಪಕ್ಕದಲ್ಲಿ ಕೆನೆಗಟ್ಟಿತ್ತು. ಅದನ್ನು ಎತ್ತಿ ಕುಡಿದೆ. ಆಮೇಲೆ ಸ್ವಿಚ್ ಆರಿಸಿ, ಹೆಂಡತಿಯ ತಮ್ಮನನ್ನು ಹತ್ತಿರ ಕೂರಿಸಿಕೊಂಡು, ಟ್ರಾನ್ಸಿಸ್ಟರುಗಳ ಮೇಲಿನ ಅಕ್ಷರ ಬೆರಳಿಟ್ಟು ಓದಿಸಿದೆ. ಒರಿಜಿನಲ್ಲನ್ನು ಹೇಗೆ ಗುರುತು ಹಿಡಿಯಬೇಕು ಎಂದೂ ಹೇಳಿದೆ. ಅವನು ಕಿಸೆಯಿಂದ ಗುಲಾಬಿಗೆಂಪು ಉಗುರುಬಣ್ಣದ ಸೀಸೆ ತೆಗೆದು ಮುಂದೆ ಹಿಡಿದ. ಅದನ್ನು ಅವನ ಕಿಸೆಗೇ ಹಾಕಿ, ಸ್ಕ್ರೂಡ್ರೈವರ್ ಕೈಗೆ ಕೊಟ್ಟೆ.

‘ನೋಡಬೇಕನಿಸಿದ್ರ ನನ್ನ ಮುಂದ ಬಿಚ್ಚು.’

ಅವನೇ ಸ್ಕ್ರೂ ಬಿಗಿದ. ಸಂಜೆ ಮೊದಲ ಹಾಡಿಗೇ ಬಾಸ್ ತುಂಬಿ ಬಂತು. ಯಜಮಾನ ಒಂದು ಸಲ ತಿರುಗಿ ನೋಡಿ ತಲೆಯಾಡಿಸಿದ. ನನಗೆ ಆಗಲೂ ಸಮಾಧಾನವಿಲ್ಲ. ಮೆಲ್ಲಗೆ ಹೋಗಿ ಪೆಟ್ಟಿಗೆಗೆ ಮೂಗು ಹಚ್ಚಿದೆ. ಘಾಟು ಇತ್ತು, ಬರೀ ಮೆಣಸಿನಕಾಯಿಯದು.