ಕೂದಲಿನಾಚೆಯ ಹಾಡು

ಕೊಪ್ಪಳದಲ್ಲಿ ನನ್ನ ತಲೆಗೂದಲು ಕತ್ತರಿಸುತ್ತಿದ್ದವರು ಅಂಗಡಿಯಲ್ಲಿ ಸದಾ ಹಳೆಯ ಇಂಗ್ಲಿಷ್ ರಾಕ್ ಬ್ಯಾಂಡೊಂದರ ಹಾಡು ಹಚ್ಚುತ್ತಿದ್ದರು. ಗೋಡೆಯ ಪಟದಲ್ಲಿ ಆ ಬ್ಯಾಂಡಿನ ನಾಲ್ವರು, ಬೆನ್ನ ತುಂಬ ಕೂದಲು ಬಿಟ್ಟವರು. ಯಾರಾದರೂ ನಕ್ಕರೆ, "ಕೂದಲಾ ನೋಡಬ್ಯಾಡ್ರಿ, ಹಾಡಾ ಕೇಳ್ರಿ" ಅನ್ನುತ್ತಿದ್ದರು.

ಒಮ್ಮೆ ಕುರ್ಚಿಯಲ್ಲಿದ್ದ ಕಾಲೇಜು ಮೇಷ್ಟ್ರೊಬ್ಬರು, "ಇದಕ್ಕ ಹೇರ್ ಮೆಟಲ್ ಅಂತಾರ, ಉದ್ದ ಕೂದಲಾ ಬಿಟ್ಕೊಂಡು ಅಬ್ಬರಿಸೋ ರಾಕ್. ಬರೀ ವೇಷ" ಎಂದು ತಳ್ಳಿಹಾಕಿದರು.

ಅಂಗಡಿಯವರು ಕತ್ತರಿ ಕೆಳಗಿಟ್ಟು ಅದೇ ಬ್ಯಾಂಡಿನ ಮೆಲುದನಿಯ ಹಾಡೊಂದನ್ನು ಹಚ್ಚಿದರು. "ಗಿರಣಿ ಮುಚ್ಚಿ ಕೆಲಸ ಕಳಕೊಂಡ ಅಪ್ಪನ ಮ್ಯಾಲೆ ಹಾಡ್ಯಾರ್ರಿ ಸರ. ನಮ್ಮಪ್ಪಗೂ ಹಂಗ ಆಗಿತ್ತು. ನಮ್ಮ ಮನ್ಯಾಗ ಯಾರೂ ಅದರ ಮಾತೇ ಎತ್ತಲಿಲ್ಲ. ಇವರು ಎತ್ತಿದ್ರು."

ಹಾಡು ಮುಗಿಯುವವರೆಗೂ ಮೇಷ್ಟ್ರು ಅಲುಗಾಡಲಿಲ್ಲ. ಅರ್ಧ ಕತ್ತರಿಸಿದ ತಲೆಯಲ್ಲೇ ಕೂತು, "ಇನ್ನೊಮ್ಮೆ ಹಚ್ರಿ" ಎಂದರು.

ಸರದಿಗೆ ಕಾಯುತ್ತಿದ್ದ ನಾವ್ಯಾರೂ ಗಡಿಯಾರ ನೋಡಲಿಲ್ಲ.